ಆನೆಕಾಸಿಗೆ ಯಾವ ಬೆಳಕು? ನಾಲ್ಕು ನಾಣ್ಯ, ನಾಲ್ಕು ವಿಧಾನ

ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದ ಟಿಪ್ಪುವಿನ ತಾಮ್ರದ ಪೈಸೆಯನ್ನು ಬೆರಳಲ್ಲಿ ಹಿಡಿದು ಕಿಟಕಿಯ ಕಡೆಗೆ ಸ್ವಲ್ಪ ಓರೆ ಮಾಡಿ ನೋಡಿ. ಆನೆಯ ಸೊಂಡಿಲು, ಬಾಲ, ಬೆನ್ನಿನ ಉಬ್ಬು ಎಲ್ಲವೂ ಎದ್ದು ಕಾಣುತ್ತವೆ. ಅದೇ ಪೈಸೆಯನ್ನು ಮೇಜಿನ ಮೇಲಿಟ್ಟು ಕ್ಯಾಮೆರಾದ ಫ್ಲ್ಯಾಶ್ ಹೊಡೆಯಿರಿ. ಆನೆ ಮಾಯವಾಗಿ ನಡುವೆ ಬಿಳಿ ಮಚ್ಚೆಯಿರುವ ಕಂದು ಬಿಲ್ಲೆಯೊಂದು ಉಳಿಯುತ್ತದೆ.

ಫೋಟೋ ಹೀಗೆ ಕೆಟ್ಟಾಗ ಚಿಕ್ಕ ವಸ್ತುವನ್ನು ದೊಡ್ಡದಾಗಿ ಹಿಡಿಯುವ ಮ್ಯಾಕ್ರೋ ಲೆನ್ಸ್ ಕೊಳ್ಳಲು ಹೊರಡುವವರೇ ಹೆಚ್ಚು. ನಮ್ಮ ಸಲಹೆ, ಮೊದಲು ದೀಪದ ಜಾಗ ಬದಲಿಸಿ. ನಾಣ್ಯದ ಮೈ ಹೇಗಿದೆಯೋ ಅದಕ್ಕೆ ತಕ್ಕ ಬೆಳಕು ಬೇಕು. ಇದನ್ನು ನೋಡಲೆಂದೇ ಮೈಸೂರಿನ ಒಂದೇ ಕೋಣೆಯಲ್ಲಿ, ಒಂದೇ ಕ್ಯಾಮೆರಾದಲ್ಲಿ ನಾಲ್ಕು ನಾಣ್ಯಗಳನ್ನು ನಾಲ್ಕು ಬೆಳಕಿನಲ್ಲಿ ತೆಗೆದು ಪಕ್ಕಪಕ್ಕ ಇಟ್ಟೆವು. ಮೊದಲನೆಯದು ಸವೆದ ಟಿಪ್ಪು ಪೈಸೆ, ಸುಮಾರು 11 ಗ್ರಾಂ. ಎರಡನೆಯದು ಹೊಳಪು ಮಾಸದ ಐದನೇ ಜಾರ್ಜನ 1912ರ ಬೆಳ್ಳಿ ರೂಪಾಯಿ, ತೂಕ 11.66 ಗ್ರಾಂ, ಅಗಲ 30.5 ಮಿಮೀ. ಮೂರನೆಯದು ಮುಂಬೈ ಟಂಕಸಾಲೆಯ ಪ್ರೂಫ್ ನಾಣ್ಯ, ಅಂದರೆ ತಳ ಕನ್ನಡಿಯಂತಿದ್ದು ಉಬ್ಬುಭಾಗ ಮಂಜು ಕವಿದಂತಿರುವಂಥದ್ದು. ಕೊನೆಯದು ಐದಾರು ಮಿಮೀ ಅಗಲದ ಚಿನ್ನದ ಕಂಠೀರವ ಹಣ.

ಎಲ್ಲಕ್ಕೂ ಒಂದೇ ಸಿದ್ಧತೆ. ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರಿನ (ಚಿತ್ರ ಮೂಡುವ ಬಿಲ್ಲೆಯ) ಕ್ಯಾಮೆರಾ ನೇರ ಕೆಳಗೆ ನೋಡುವಂತೆ ಸ್ಟ್ಯಾಂಡಿನಲ್ಲಿ, ಐಎಸ್ಒ 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಎಫ್ ಅಂಕಿ ಹೆಚ್ಚಿದಷ್ಟೂ ಕಿರಿದು) ಎಫ್8, ಕಡತ ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ಹಿಡಿದದ್ದು ಹಾಗೆಯೇ, ಎರಡು ಸೆಕೆಂಡಿನ ಟೈಮರ್. ಫಿಲ್ಮಿನಿಂದ ಫೋಟೋ ದೊಡ್ಡದು ಮಾಡುತ್ತಿದ್ದ ಹಳೆಯ ಸ್ಟುಡಿಯೋದ ಎನ್‌ಲಾರ್ಜರ್ ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ. ಅದರ ತಲೆ ಬಿಚ್ಚಿ ಕ್ಯಾಮೆರಾ ಕೂರಿಸಿದರೆ ಅದಕ್ಕಿಂತ ಗಟ್ಟಿಯಾದ ಸ್ಟ್ಯಾಂಡ್ ಬೇರೆ ಬೇಡ.

ಕ್ಯಾಮೆರಾ ನಾಣ್ಯಕ್ಕೆ ಸಮನಾಗಿದೆಯೇ ಎಂದು ನೋಡಲು ರಸಮಟ್ಟಕ್ಕಿಂತ ಕನ್ನಡಿ ಚೂರು ಮೇಲು. ನಾಣ್ಯ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಮಲಗಿಸಿ ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಪರದೆಯಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬಂದರೆ ಎರಡೂ ಸಮ. ಒಂದು ಕಡೆ ಸರಿದಿದ್ದರೆ ನಾಣ್ಯದ ಒಂದು ಅಂಚು ಫೋಕಸ್ ತಪ್ಪುತ್ತದೆ, ದುಂಡಗಿನ ರೂಪಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಮೇಲೆ ಕನ್ನಡಿ ತೆಗೆದು, ನಾಣ್ಯವನ್ನು ಅದಕ್ಕಿಂತ ಚಿಕ್ಕದಾದ ಬಾಟಲಿ ಮುಚ್ಚಳದ ಮೇಲೆ ಕೂರಿಸಿ, ಹಿನ್ನೆಲೆಯ ಕಾಗದ ಮೂರು ನಾಲ್ಕು ಸೆಂಟಿಮೀಟರ್ ಕೆಳಗಿರಲಿ. ನೆರಳು ಚಿತ್ರದಿಂದಾಚೆ ಬೀಳುತ್ತದೆ, ಕಾಗದದ ನಾರು ಮಸುಕಾಗುತ್ತದೆ.

ಎರಡು ಸ್ಟಡಿ ಲ್ಯಾಂಪ್

ಬೇಕಾದದ್ದು ಕತ್ತು ಬಗ್ಗುವ ಎರಡು ಟೇಬಲ್ ಲ್ಯಾಂಪ್, ಒಂದೇ ಕಂಪನಿಯ ಒಂದೇ ಬಗೆಯ ಎರಡು 9 ವ್ಯಾಟ್ ಎಲ್ಇಡಿ ಬಲ್ಬ್. ಡಬ್ಬಿಯ ಮೇಲೆ ಸಿಆರ್ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90 ಅಥವಾ ಹೆಚ್ಚು ಎಂದು ಬರೆದಿರುವುದನ್ನೇ ಆರಿಸಿ. ಅದಕ್ಕಿಂತ ಕಡಿಮೆಯ ಬಲ್ಬಿನಲ್ಲಿ ಕೆಂಪು ಬಣ್ಣ ಸೊರಗುತ್ತದೆ, ತಾಮ್ರವೆಲ್ಲ ಹಿತ್ತಾಳೆಯಂತೆ ಕಾಣುತ್ತದೆ.

ನಾಣ್ಯವನ್ನು ಗಡಿಯಾರದ ಮುಖ ಅಂದುಕೊಳ್ಳಿ. ಒಂದು ದೀಪ ಹತ್ತರ ಅಂಕಿಯ ಕಡೆ, ಇನ್ನೊಂದು ಎರಡರ ಕಡೆ, ಎರಡೂ ನಾಣ್ಯದಿಂದ 25-30 ಸೆಂಮೀ ದೂರ. ಮೇಜಿನಿಂದ ಅಳೆದರೆ 60-70 ಡಿಗ್ರಿ ಎತ್ತರ, ಅಂದರೆ ಲೆನ್ಸಿನ ಪಕ್ಕಕ್ಕೆ ಆದಷ್ಟು ಹತ್ತಿರ. ಈ ಎತ್ತರದಲ್ಲೇ ಎಲ್ಲ ಇದೆ. ದೀಪವನ್ನು 30 ಡಿಗ್ರಿಗೆ ಇಳಿಸಿದರೆ ಆನೆ ಇನ್ನೂ ಉಬ್ಬಿ ಬರುತ್ತದೆ ನಿಜ, ಜೊತೆಗೆ ಕಣ್ಣಿಗೆ ಕಾಣದ ಗೀರುಗಳೂ ನೇಗಿಲ ಸಾಲಿನಂತೆ ಏಳುತ್ತವೆ, ಅಕ್ಷರಗಳ ನೆರಳು ಪಕ್ಕದ ಅಕ್ಷರವನ್ನು ನುಂಗುತ್ತದೆ.

ಬೆಳಕು ಮೇಲುಗಡೆಯಿಂದಲೇ ಬರಬೇಕು ಎನ್ನುವುದಕ್ಕೂ ಕಾರಣವಿದೆ. ಬೆಳಕು ಆಕಾಶದಿಂದ ಬೀಳುತ್ತದೆ ಎಂದು ನಮ್ಮ ಕಣ್ಣು ನಂಬಿಕೊಂಡಿದೆ. ದೀಪ ಆರರ ಅಂಕಿಯ ಕಡೆ ಇದ್ದರೆ ಉಬ್ಬಿದ ಆನೆ ಲೋಹದೊಳಗೆ ತಗ್ಗಿದಂತೆ ಕಾಣುತ್ತದೆ. ಫೋಟೋ ತೆಗೆದ ಮೇಲೆ ನಾಣ್ಯ ತಲೆಕೆಳಗಾಗಿತ್ತು ಎಂದು ಕಂಪ್ಯೂಟರಿನಲ್ಲಿ ತಿರುಗಿಸಿದರೂ ಇದೇ ತೊಂದರೆ. ಆದ್ದರಿಂದ ನಾಣ್ಯವನ್ನು ಮುಚ್ಚಳದ ಮೇಲೇ ನೆಟ್ಟಗೆ ತಿರುಗಿಸಿಟ್ಟು ಆಮೇಲೆ ಬಟನ್ ಒತ್ತಿ.

ಟಿಪ್ಪು ಪೈಸೆಗೆ ಈ ವಿಧಾನವನ್ನು ಮೀರಿಸುವುದು ಬೇರೆ ಇಲ್ಲ. ಎರಡರ ಕಡೆಯ ದೀಪವನ್ನು ಒಂದು ಗೇಣು ಹಿಂದಕ್ಕೆ ಸರಿಸಿದರೆ ಹತ್ತರ ಕಡೆಯದು ಮೇಲುಗೈಯಾಗಿ ಆನೆಯ ಹೊಟ್ಟೆಯ ಗುಂಡು ಇನ್ನೂ ಚೆನ್ನಾಗಿ ಮೂಡುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳಿಗೂ ಇದೇ ಜೋಡಣೆ ಸಾಕು. ಬೆಳ್ಳಿ ರೂಪಾಯಿಯಲ್ಲಿ ತಿರುಗಿಸಿದಾಗ ಚಕ್ರದ ಕಡ್ಡಿಗಳಂತೆ ಓಡುವ ಹೊಳಪು ಇರುತ್ತದಲ್ಲ, ಅದು ಫೋಟೋದಲ್ಲಿ ಎರಡು ಬೀಸಣಿಗೆಯಂತೆ ಬಂದದ್ದು ಈ ಬೆಳಕಿನಲ್ಲಿ ಮಾತ್ರ. ಪ್ರೂಫ್ ನಾಣ್ಯದಲ್ಲಿ ಕನ್ನಡಿ ತಳ ಕಪ್ಪಾಗಿ, ಉಬ್ಬುಭಾಗ ಬೆಳ್ಳಗೆ ಬರುತ್ತದೆ. ಆದರೆ ದೀಪ ಕೂದಲೆಳೆ ಸರಿದರೂ ಬಲ್ಬಿನ ಬಿಂಬ ತಳದಲ್ಲಿ ಕುಳಿತುಬಿಡುತ್ತದೆ. ಲೈವ್ ವ್ಯೂ ನೋಡುತ್ತಲೇ ದೀಪ ಸರಿಸಬೇಕು.

ಮಂಕಾದ ತಾಮ್ರಕ್ಕೆ ನಮ್ಮಲ್ಲಿ ಶಟರ್ ವೇಗ 1/15 ಸೆಕೆಂಡಿನ ಆಸುಪಾಸು ಬಂತು. ಇಷ್ಟು ನಿಧಾನದಲ್ಲಿ ಫ್ಯಾನ್ ತಿರುಗುತ್ತಿದ್ದರೆ, ಮನೆ ಮುಂದೆ ಬಸ್ಸು ಹೋದರೆ ಚಿತ್ರ ನಡುಗುತ್ತದೆ. ಫ್ಯಾನ್ ಆರಿಸಿ, ಬಸ್ಸು ದಾಟಿ ಹೋಗಲಿ. ವೇಗ ಹೆಚ್ಚಿಸಲು ಹೋದರೆ ಇನ್ನೊಂದು ತಾಪತ್ರಯ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಗ್ಗದ ಎಲ್ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/200ರಲ್ಲಿ ತೆಗೆದರೆ ಚಿತ್ರದ ಮೇಲೆ ಅಡ್ಡಪಟ್ಟಿ ಬೀಳಬಹುದು. 1/50 ಅಥವಾ ಅದಕ್ಕಿಂತ ನಿಧಾನದಲ್ಲಿ ಈ ಕಾಟವಿಲ್ಲ.

ಓರೆ ಗಾಜು

ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ 2 ಮಿಮೀ ದಪ್ಪದ ಸಾದಾ ಗಾಜನ್ನು 10×15 ಸೆಂಮೀ ಅಳತೆಗೆ ಕತ್ತರಿಸಿಕೊಡುತ್ತಾರೆ. ಅಂಚು ಉಜ್ಜಿಸಿಕೊಳ್ಳಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಬಣ್ಣದ ಛಾಯೆಯ ಗಾಜು ಬೇಡ. ಲೆನ್ಸಿಗೂ ನಾಣ್ಯಕ್ಕೂ ನಡುವೆ ಈ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಎಡಗಡೆಯಿಂದ ಒಂದೇ ದೀಪವನ್ನು ಗಾಜಿನ ಮಟ್ಟದಲ್ಲಿ ಅಡ್ಡಡ್ಡ ಬಿಡಬೇಕು. ಬೆಳಕು ಗಾಜಿಗೆ ಬಡಿದು ನೇರ ಕೆಳಗಿಳಿದು, ನಾಣ್ಯದಿಂದ ಬಂದ ದಾರಿಯಲ್ಲೇ ಮೇಲೆ ಹೋಗಿ ಗಾಜನ್ನು ದಾಟಿ ಲೆನ್ಸ್ ಸೇರುತ್ತದೆ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ದೀಪದ ಬೆಳಕು ಗಾಜಿನ ಕೆಳಗಿಂದ ನುಸುಳಿ ನೇರವಾಗಿ ನಾಣ್ಯಕ್ಕೆ ಬಿದ್ದರೆ ಪರಿಣಾಮ ಕೆಡುತ್ತದೆ. ನಾಣ್ಯದ ಎಡಗಡೆ ಕಪ್ಪು ರಟ್ಟಿನ ತಡೆ ನಿಲ್ಲಿಸಿ. ಎರಡನೆಯದು, ಗಾಜು ದಾಟಿ ಬಲಗಡೆಗೆ ಹೋದ ಬೆಳಕು ಬಿಳಿ ಗೋಡೆಗೆ ಬಡಿದು ಹಿಂದಿರುಗಿ ಗಾಜಿನಿಂದ ಲೆನ್ಸಿನೊಳಕ್ಕೇ ಚಿಮ್ಮುತ್ತದೆ, ಚಿತ್ರದ ಮೇಲೆ ಹಾಲು ಚೆಲ್ಲಿದಂತಾಗುತ್ತದೆ. ಬಲಗಡೆ ಕಪ್ಪು ಮಖಮಲ್ ಬಟ್ಟೆ ತೂಗುಹಾಕಿದರೆ ಸರಿಹೋಗುತ್ತದೆ. ಗಾಜಿನ ಮೇಲಿನ ಒಂದು ಬೆರಳಚ್ಚೂ ಹೀಗೆಯೇ ಮಂಜಾಗಿ ಕಾಡುತ್ತದೆ.

45 ಡಿಗ್ರಿಯಲ್ಲಿ ಸಾದಾ ಗಾಜು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಬೆಳಕನ್ನಷ್ಟೇ ಕೆಳಗೆ ಕಳಿಸುತ್ತದೆ. ಹಾಗಾಗಿ ತಾಮ್ರದ ನಾಣ್ಯಕ್ಕೆ ಅರ್ಧ ಸೆಕೆಂಡು ದಾಟಿದ ಎಕ್ಸ್‌ಪೋಷರ್ ಬೇಕಾಯಿತು. ಹೊಳೆಯುವ ನಾಣ್ಯಕ್ಕೆ ಅಷ್ಟು ಬೇಡ.

ಫಲಿತಾಂಶದಲ್ಲಿ ಅಜಗಜಾಂತರ. ಬೆಳ್ಳಿಯ ಮೇಲೆ ಕಾಲಕ್ರಮೇಣ ಕೂತ ನೀಲಿ, ನೇರಳೆ, ಹೊಂಬಣ್ಣದ ಪೊರೆ ಸ್ಟಡಿ ಲ್ಯಾಂಪಿನಲ್ಲಿ ಬೂದಿ ಬಣ್ಣವಾಗಿ ಬಂದಿತ್ತು, ಓರೆ ಗಾಜಿನಲ್ಲಿ ನವಿಲುಗರಿಯಂತೆ ಬಂತು. ಪ್ರೂಫ್ ನಾಣ್ಯದಲ್ಲಿ ಎಲ್ಲ ಅದಲುಬದಲು: ಕನ್ನಡಿ ತಳ ಬೆಳಗಿ, ಮಂಜಿನಂಥ ಉಬ್ಬು ಕಪ್ಪಾಗುತ್ತದೆ. ನೋಟಕ್ಕೆ ಚೆಂದವಲ್ಲ, ಆದರೆ ತಳದಲ್ಲಿನ ಕೂದಲಿನಂಥ ಗೀರುಗಳನ್ನು ಕೊಳ್ಳುವವರಿಗೆ ಪ್ರಾಮಾಣಿಕವಾಗಿ ತೋರಿಸಲು ಇದೇ ಬೆಳಕು ಬೇಕು. ಇನ್ನು ಟಿಪ್ಪು ಪೈಸೆ? ಅಷ್ಟೆಲ್ಲ ಕಷ್ಟಪಟ್ಟು ಗಾಜು ನಿಲ್ಲಿಸಿದರೂ ಆನೆ ಒಣ ಸಗಣಿಯ ಬೆರಣಿಯಂತೆ ಚಪ್ಪಟೆ. ಸವೆದ, ಮಂಕಾದ ತಾಮ್ರಕ್ಕೆ ಓರೆ ಗಾಜು ಖಂಡಿತ ಬೇಡ.

ಬಟರ್ ಪೇಪರ್ ಮತ್ತು ಕಿಟಕಿ

ನಾಣ್ಯದ ಸುತ್ತ ಬಟರ್ ಪೇಪರಿನ ಕೊಳವೆ ನಿಲ್ಲಿಸಿ ಹೊರಗಿನಿಂದ ದೀಪ ಹಾಕುವುದು ಮೂರನೆಯ ವಿಧಾನ. ತಳ ಕತ್ತರಿಸಿದ ಬಿಳಿ ಮೊಸರಿನ ಡಬ್ಬಿಯೂ ಆಗುತ್ತದೆ. ಬಲ್ಬಿನ ಬಿಂಬ ಎಲ್ಲೂ ಬೀಳುವುದಿಲ್ಲ, ಹತ್ತು ನಿಮಿಷದಲ್ಲಿ ಸಿದ್ಧ. ಆದರೆ ನೆರಳೇ ಇಲ್ಲದ ಕಡೆ ಉಬ್ಬೂ ಇಲ್ಲ. ರೂಪಾಯಿಯ ಹೊಳಪು ಸತ್ತು ಪ್ಲಾಸ್ಟಿಕ್ ಬಿಲ್ಲೆಯಾಯಿತು. ಕಿಲುಬು ಹಿಡಿದ ನಾಣ್ಯದ ಬಣ್ಣವನ್ನು ದಾಖಲಿಸಲು ಬಿಟ್ಟರೆ ನಮಗೆ ಇದು ಒಗ್ಗಲಿಲ್ಲ.

ಕಿಟಕಿ ಬೆಳಕಿಗೆ ಖರ್ಚಿಲ್ಲ, ಬಣ್ಣದಲ್ಲಿ ಅದನ್ನು ಮೀರಿಸುವ ಬಲ್ಬೂ ಇಲ್ಲ. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ಅಲ್ಲೇ ತೆಗೆಯಿರಿ ಎಂದು ಹೊರದೇಶದ ಪಾಠಗಳು ಹೇಳುತ್ತವೆ. ಆ ಮಾತು ನಮ್ಮೂರಿಗೆ ವರ್ಷವಿಡೀ ಹೊಂದುವುದಿಲ್ಲ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ಇಡೀ ದಿನ ನಮ್ಮ ಉತ್ತರಕ್ಕೇ ಇರುತ್ತಾನೆ, ಬೆಳಿಗ್ಗೆ ಮತ್ತು ಸಂಜೆ ಓರೆ ಬಿಸಿಲು ಉತ್ತರದ ಕಿಟಕಿಯಿಂದ ಮೇಜಿಗೇ ಬೀಳುತ್ತದೆ. ಆ ತಿಂಗಳುಗಳಲ್ಲಿ ದಕ್ಷಿಣದ ಕಿಟಕಿ ಹಿಡಿಯಿರಿ. ಮಳೆಗಾಲದಲ್ಲಿ ಮೋಡ ಬಂದು ಹೋದಂತೆಲ್ಲ ಬಣ್ಣ ಬದಲಾಗುವುದರಿಂದ ಇಪ್ಪತ್ತು ನಾಣ್ಯಗಳ ಸೆಟ್ ಒಂದೇ ಸಮನೆ ಬರುವುದಿಲ್ಲ. ಐದು ನಾಣ್ಯಕ್ಕೊಮ್ಮೆ ಬಿಳಿ ಕಾಗದ ಇಟ್ಟು ವೈಟ್ ಬ್ಯಾಲೆನ್ಸ್ ಹೊಸದಾಗಿ ಹಿಡಿಯಬೇಕು. ಕಿಟಕಿ ತೆರೆದಿಟ್ಟು ದೀಪವನ್ನೂ ಹಾಕುವ ತಪ್ಪು ಮಾತ್ರ ಮಾಡಬೇಡಿ. ಆನೆಯ ಒಂದು ಮಗ್ಗುಲು ನೀಲಿ, ಇನ್ನೊಂದು ಹಳದಿಯಾದರೆ ಯಾವ ಸಾಫ್ಟ್‌ವೇರೂ ಸರಿಮಾಡದು.

ಲೆನ್ಸಿನ ಲೆಕ್ಕ

ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸ್ ನಾಣ್ಯವನ್ನು ಸೆನ್ಸರಿನ ಮೇಲೆ ಮೂರನೇ ಒಂದರಷ್ಟು ಗಾತ್ರದಲ್ಲಿ ಮೂಡಿಸುತ್ತದೆ. 30.5 ಮಿಮೀ ರೂಪಾಯಿ ಹತ್ತು ಮಿಮೀ ಆಗುತ್ತದೆ, ಸೆನ್ಸರಿನ ಎತ್ತರ ಸುಮಾರು 15 ಮಿಮೀ. ಅಷ್ಟು ಸಾಕು. ತೊಂದರೆ ಏನೆಂದರೆ ಲೆನ್ಸ್ ನಾಣ್ಯಕ್ಕೆ ಒಂದು ಗೇಣಿಗಿಂತ ಹತ್ತಿರ ಬಂದು ದೀಪಕ್ಕೇ ಅಡ್ಡ ನಿಲ್ಲುತ್ತದೆ. ತುದಿಗೆ ತಿರುಪಿ ಹಾಕುವ ಅಗ್ಗದ ಕ್ಲೋಸ್-ಅಪ್ ಫಿಲ್ಟರಿನಲ್ಲಿ ನಡುಭಾಗ ಚುರುಕು, ಅಂಚಿನ ಅಕ್ಷರಗಳಿಗೆ ನೇರಳೆ-ಹಸಿರು ಗೆರೆ.

ನಮ್ಮ ಮತ 50 ಮಿಮೀ ಲೆನ್ಸಿಗೆ, ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರಿಸುವ ಟೊಳ್ಳು ಬಳೆಯಾದ ಎಕ್ಸ್‌ಟೆನ್ಷನ್ ಟ್ಯೂಬ್. ಟ್ಯೂಬಿನ ಉದ್ದವನ್ನು 50ರಿಂದ ಭಾಗಿಸಿದರೆ ಅನಂತಕ್ಕೆ ಫೋಕಸ್ ಇಟ್ಟಾಗಿನ ಗಾತ್ರ ಸಿಗುತ್ತದೆ. 20 ಮಿಮೀ ಟ್ಯೂಬಿಗೆ 0.4, ಅಂದರೆ ರೂಪಾಯಿ 12.2 ಮಿಮೀ ಆಗಿ ಚೌಕಟ್ಟು ತುಂಬುತ್ತದೆ, ಗಾಜು ನಿಲ್ಲಿಸಲೂ ಜಾಗ ಉಳಿಯುತ್ತದೆ. 36 ಮಿಮೀ ಹಾಕಿದರೆ 0.72, ರೂಪಾಯಿ ಹಿಡಿಸುವುದೇ ಇಲ್ಲ. ವಿದ್ಯುತ್ ಸಂಪರ್ಕದ ಬಿಂದುಗಳಿರುವ ಟ್ಯೂಬನ್ನೇ ಕೊಳ್ಳಿ. ಬರೀ ಲೋಹದ ಬಳೆಯಾದರೆ ಬಹುತೇಕ ಕ್ಯಾಮೆರಾಗಳಲ್ಲಿ ಅಪರ್ಚರ್ ಕೈಗೆ ಸಿಗುವುದಿಲ್ಲ.

ನಿಜವಾದ ಮ್ಯಾಕ್ರೋ ಲೆನ್ಸಿಗೆ ಕಾಸು ಹಾಕುವುದು ಕಂಠೀರವ ಹಣದಂಥವುಗಳಿಗಾಗಿ. 12, 20, 36 ಮೂರೂ ಟ್ಯೂಬ್ ಸೇರಿಸಿದರೆ ಗಾತ್ರವೇನೋ 1.36ಕ್ಕೆ ಏರುತ್ತದೆ, ಆದರೆ ಲೆನ್ಸ್ ನಾಣ್ಯದ ಮೇಲೇ ಬಾಗಿ ಬೆಳಕು ನುಗ್ಗಲು ಸಂದಿಯೇ ಉಳಿಯುವುದಿಲ್ಲ. 100 ಮಿಮೀ ಮ್ಯಾಕ್ರೋ ದೂರದಲ್ಲೇ ನಿಂತು ನರಸಿಂಹನ ಬಿಂಬವನ್ನು ಹಿಡಿಯುತ್ತದೆ. ಅಲ್ಲಿ ಅಪರ್ಚರನ್ನು ಎಫ್16ಕ್ಕೆ ಇಳಿಸಬೇಡಿ. ಒಂದಕ್ಕೊಂದು ಗಾತ್ರದಲ್ಲಿ, ಅಂದರೆ ಸೆನ್ಸರಿನ ಮೇಲೆ ನಾಣ್ಯ ತನ್ನಷ್ಟೇ ದೊಡ್ಡದಾಗಿ ಮೂಡುವಾಗ, ಎಫ್8 ಎಂದರೇ ಎಫ್16ರಷ್ಟು ಕೆಲಸ ಮಾಡುತ್ತಿರುತ್ತದೆ, ಇನ್ನೂ ಕಿರಿದಾದರೆ ಇಡೀ ಚಿತ್ರ ಮಸುಕು. ಹಣದ ಮೈ ದುಂಡಗಿದ್ದು ಫೋಕಸ್ ಸಾಲದಿದ್ದರೆ, ಫೋಕಸ್ ಸ್ವಲ್ಪಸ್ವಲ್ಪ ಸರಿಸಿ ಐದಾರು ಚಿತ್ರ ತೆಗೆದು ಜೋಡಿಸಿ.

ಯಾವ ವಿಧಾನಕ್ಕೂ ಮೊದಲು ನಾಣ್ಯವನ್ನು ಹುಣಸೆಹಣ್ಣು, ನಿಂಬೆ, ಬೂದಿ ಹಾಕಿ ತಿಕ್ಕಬೇಡಿ. ತಿಕ್ಕಿದ ತಾಮ್ರದ ಗುಲಾಬಿ ಬಣ್ಣ ಫೋಟೋದಲ್ಲೇ ಗೊತ್ತಾಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ಅಂಚು ಹಿಡಿದೆತ್ತಿ, ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿದರೆ ಸಾಕು. ಬಾಯಿಂದ ಊದಿದರೆ ಎಂಜಲ ಹನಿ ಕೂತು ಮುಂದೆ ಕಪ್ಪು ಚುಕ್ಕೆಯಾಗುತ್ತದೆ.

ಟಿಪ್ಪು ನಾಣ್ಯಗಳ ಇಸವಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ವರ್ಷಗಳ ಲೆಕ್ಕದ 1215ರಿಂದ, ಅಂದರೆ 1787ರ ಸುಮಾರಿನಿಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಕೆತ್ತಿದ್ದಾರೆ. ಎಡದಿಂದ ಓದಿದರೆ 5121 ಎಂದು ಕಾಣುತ್ತದೆ. ಚಿತ್ರ ಕನ್ನಡಿ ಬಿಂಬದಂತೆ ಉಲ್ಟಾ ಬಂದಿದೆ ಎಂದುಕೊಂಡು ಸಾಫ್ಟ್‌ವೇರಿನಲ್ಲಿ ಮಗುಚಬೇಡಿ. ಮಗುಚಿದರೆ ಆನೆ ಎದುರು ದಿಕ್ಕಿಗೆ ನಡೆಯತೊಡಗುತ್ತದೆ, ಆ ನಾಣ್ಯವನ್ನು ಯಾವ ಕ್ಯಾಟಲಾಗಿನಲ್ಲೂ ಹುಡುಕಲಾಗುವುದಿಲ್ಲ.