ಐದು ನಿಮಿಷಕ್ಕೆ ನಿದ್ದೆ ಹೋಗುವ ಎಲ್‌ಸಿಆರ್ ಮೀಟರ್

ಮೊದಲು ಬೈಗುಳ. ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಅಳೆಯುವ ಈ ಮೀಟರ್ ಐದು ನಿಮಿಷ ಗುಂಡಿ ಮುಟ್ಟದಿದ್ದರೆ ತಾನೇ ಆಫ್ ಆಗುತ್ತದೆ. ಬ್ಯಾಟರಿ ಉಳಿಯಲಿ, ಸರಿ. ಆದರೆ ಮತ್ತೆ ಆನ್ ಮಾಡಿದರೆ ಅಳೆಯುವ ಫ್ರೀಕ್ವೆನ್ಸಿ 1 ಕಿಲೋಹರ್ಟ್ಸ್‌ಗೆ ಹೋಗಿ ಕೂತಿರುತ್ತದೆ. ಮಾಡಿಟ್ಟ ಜೀರೋ (ಕ್ಲಿಪ್‌ಗಳ ಸ್ವಂತ ಅಳತೆಯನ್ನು ಕಳೆಯುವುದು) ಕೂಡ ಮೀಟರ್ ಮರೆತಿರುತ್ತದೆ. ನನಗೆ ಬೇಕಾದದ್ದು 100 ಕಿಲೋಹರ್ಟ್ಸ್.

ವೈರ್ ಇಲ್ಲದೆ ಎಲ್‌ಇಡಿ ಉರಿಸುವ ಕಾಯಿಲ್ ಜೋಡಿ ಸುತ್ತುವುದು ನನ್ನ ಹುಚ್ಚು. ತಾಮ್ರದ ತಂತಿ ಬೆಳಗಾವಿಯ ಉದ್ಯಮಬಾಗದಲ್ಲಿರುವ ಒಂದು ವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತದೆ. ಅಲ್ಲಿನ ಕಾಕಾ ನನ್ನ ಕಾಯಿಲ್ ತಿರುಗಿಸಿ ನೋಡಿ, "ಒಳಗ ಕಬ್ಬಿಣಾ ಇಲ್ಲೇನ್ರಿ?" ಅಂದರು. ಇಲ್ಲ, ಬರೀ ಗಾಳಿ. ಸುತ್ತಿದ್ದು ಕುಂದಾ ತಿಂದು ಮುಗಿಸಿದ ಪ್ಲಾಸ್ಟಿಕ್ ಡಬ್ಬಿಯ ಮೇಲೆ.

ಕಬ್ಬಿಣ ಇಲ್ಲ ಅಂದಮೇಲೆ ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದನ್ನು ಕಾಯಿಲ್ ತಡೆಯುವ ಗುಣ) ಕಡಿಮೆಯೇ. ನನ್ನವು ಒಂದೊಂದೂ 52 ಮೈಕ್ರೋಹೆನ್ರಿ. 1 ಕಿಲೋಹರ್ಟ್ಸ್‌ನಲ್ಲಿ ಇದರ ರಿಯಾಕ್ಟೆನ್ಸ್, ಅಂದರೆ ಎಸಿ ಕರೆಂಟ್‌ಗೆ ಒಡ್ಡುವ ತಡೆ, ಒಂದು ಓಮ್‌ನ ಮೂರನೇ ಒಂದು ಪಾಲು. ಕೊನೆಯ ಅಂಕೆ ಕುಣಿಯುತ್ತಲೇ ಇರುತ್ತದೆ. 100ಕ್ಕೆ ಹೋದರೆ ಸುಮಾರು 33 ಓಮ್, ಆಗ ಅಂಕೆ ಅಲುಗುವುದಿಲ್ಲ. ಈ ಗುಂಡಿಗಾಗಿಯೇ ದುಡ್ಡು ಕೊಟ್ಟೆ ಅಂದರೂ ತಪ್ಪಿಲ್ಲ.

ಎರಡು ಕಾಯಿಲ್ ಒಂದಕ್ಕೊಂದು ಎಷ್ಟು ಬೆಸೆದಿವೆ ಅಂತ ಅಳೆಯಲು, ಊಟ ಆದಮೇಲೆ ಮರದ ಮೇಜು ಖಾಲಿ ಮಾಡುತ್ತೇನೆ. ಸ್ಟೀಲ್ ಮೇಜಾದರೆ ಸುಳಿ ಪ್ರವಾಹ (ಲೋಹದೊಳಗೇ ಸುತ್ತುವ ಕರೆಂಟ್) ಹುಟ್ಟಿ ಲೆಕ್ಕ ಕೆಡುತ್ತದೆ. ಕ್ಲಿಪ್ ಎರಡನ್ನೂ ಕೂಡಿಸಿ ಜೀರೋ ಮಾಡುತ್ತೇನೆ. ಕಾಯಿಲ್‌ಗಳನ್ನು ನಾಲ್ಕು ಬೆರಳು ದೂರ ಇಟ್ಟು, ಸೀರೀಸ್‌ನಲ್ಲಿ ಜೋಡಿಸಿ ಅಳೆದರೆ 114.4 ಮೈಕ್ರೋಹೆನ್ರಿ. ಡಬ್ಬಿ ಕದಲಿಸದೆ ಒಂದರ ತುದಿಗಳನ್ನು ಅದಲುಬದಲು ಮಾಡಿದರೆ 93.6. ಕಳೆದು ನಾಲ್ಕರಿಂದ ಭಾಗಿಸಿ: ಮ್ಯೂಚುವಲ್ ಇಂಡಕ್ಟೆನ್ಸ್ (ಎರಡೂ ಕಾಯಿಲ್ ಹಂಚಿಕೊಳ್ಳುವ ಇಂಡಕ್ಟೆನ್ಸ್) 5.2. ಅದನ್ನು 52ರಿಂದ ಭಾಗಿಸಿದರೆ ಕಪ್ಲಿಂಗ್, ಅಂದರೆ ಬೆಸುಗೆಯ ಪ್ರಮಾಣ, 0.1. (ಎರಡೂ ಕಾಯಿಲ್ ಒಂದೇ ಅಳತೆ ಇಲ್ಲದಿದ್ದರೆ ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ ಭಾಗಿಸಬೇಕು.)

ಒಂದು ಕಾಯಿಲ್ ಶಾರ್ಟ್ ಮಾಡಿ ಇನ್ನೊಂದನ್ನು ಅಳೆಯುವ ದಾರಿಯೂ ಇದೆ. ಟ್ರಾನ್ಸ್‌ಫಾರ್ಮರ್‌ಗೆ ಅದು ಚೆನ್ನ. ಇಲ್ಲಿ ಮಾತ್ರ 52 ಇದ್ದದ್ದು 51.5ರ ಹತ್ತಿರ ಇಳಿಯುತ್ತದೆ, ಅಷ್ಟೇ. ಆ ಅರ್ಧ ಮೈಕ್ರೋಹೆನ್ರಿಯನ್ನು ನಂಬಿ ಏನು ಹೇಳುವುದು? ತುದಿ ಬದಲಿಸುವ ದಾರಿಯಲ್ಲಿ 20.8 ವ್ಯತ್ಯಾಸ ಕೈಗೆ ಸಿಗುತ್ತದೆ.

ಅಡಾಪ್ಟರ್ ಹಾಕಿದರೆ ಮೀಟರ್ ನಿದ್ದೆ ಹೋಗುವುದಿಲ್ಲ ಅಂತ ಆಮೇಲೆ ತಿಳಿಯಿತು. ಅಲ್ಲಿಗೆ ನನ್ನ ಅರ್ಧ ಸಿಟ್ಟು ಇಳಿಯಿತು. ಅಡಾಪ್ಟರ್ ಡಬ್ಬಿಯಲ್ಲಿ ಬರಲ್ಲ, ಬೇರೆ ಕೊಳ್ಳಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಮತ್ತೆ ಅದೇ ಕಥೆ, ಬ್ಯಾಟರಿ ಮತ್ತು ನಿದ್ದೆ. ಬರೀ ಕೆಪಾಸಿಟರ್ ನೋಡುವವರು ಇದಕ್ಕೆ ಸುಮ್ನೆ ದುಡ್ಡು ಹಾಕಬೇಡಿ, ಸಾದಾ ಮಲ್ಟಿಮೀಟರ್ ಸಾಕು. ಕಾಯಿಲ್ ಸುತ್ತುವವರು 100 ಕಿಲೋಹರ್ಟ್ಸ್ ಇಲ್ಲದ ಮೀಟರ್ ತಗೊಳ್ಳಲೇಬೇಡಿ. ಐದರಲ್ಲಿ ನಾಲ್ಕು ಸ್ಟಾರ್, ಉಳಿದ ಒಂದು ಆ ನಿದ್ದೆಗೆ ಕಟ್.