ಬೀಜ ಗೊಬ್ಬರದ ಹಳೇ ಅಂಗಡಿ, ಕಣ್ಮುಚ್ಕೊಂಡು ಹೋಗಬಹುದು

ಮೈಸೂರಲ್ಲಿ ಟೆರೇಸ್ ಮೇಲೆ ಗಿಡ ಬೆಳೆಸೋರು ದೇವರಾಜ ಮಾರ್ಕೆಟ್ ಹತ್ರದ ಈ ಅಂಗಡಿಗೆ ಒಂದ್ಸಲ ಹೋಗ್ಲೇಬೇಕು, ನಮ್ಮ ತಾತನ ಕಾಲದಿಂದ ಇದೆ. ದಾಸವಾಳಕ್ಕೆ ಬಿಳಿ ಹಿಟ್ಟು ಮೆತ್ತಿದಂಗೆ ಹುಳ ಹತ್ತಿತ್ತು, ಒಂದು ರೆಂಬೆ ಕವರಲ್ಲಿ ಹಾಕ್ಕೊಂಡು ಹೋಗಿ ತೋರಿಸ್ದೆ, ಯಜಮಾನ್ರು ಎಲೆ ತಿರುಗಿಸಿ ನೋಡಿ ದುಬಾರಿ ಔಷಧಿ ಏನೂ ಕೊಡ್ಲಿಲ್ಲ, "ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪ್ ನೀರು ಹಾಕಿ ಚೆನ್ನಾಗಿ ಕಲಕಿ ಸಂಜೆ ಹೊತ್ತು ಎಲೆ ಅಡಿಗೆ ಹೊಡೀರಮ್ಮ, ಬಿಸಿಲಲ್ಲಿ ಹೊಡೆದ್ರೆ ಎಲೆ ಸುಟ್ಟೋಗುತ್ತೆ" ಅಂದ್ರು. ವಾರಕ್ಕೊಂದ್ಸಲ ಹೊಡೆದೆ, ಈಗ ಹೊಸ ಚಿಗುರು ಕ್ಲೀನಾಗಿದೆ. ಬೀಜದ ಪ್ಯಾಕೆಟ್ ಮೇಲಿನ ಡೇಟ್ ಕೇಳೋಕ್ ಮುಂಚೆ ಅವರೇ ತೋರಿಸ್ತಾರೆ, ಇದು ತುಂಬಾ ಇಷ್ಟ ಆಯ್ತು. ಬೇವಿನ ಹಿಂಡಿ, ಎರೆಗೊಬ್ಬರ ಬಿಡಿಯಾಗೂ ತೂಗಿ ಕೊಡ್ತಾರೆ, ನಾಲ್ಕು ಕುಂಡ ಇರೋರಿಗೆ ಮೂಟೆ ಯಾಕೆ ಬೇಕು ಹೇಳಿ. ಪಾರ್ಕಿಂಗ್ ಮಾತ್ರ ಕಷ್ಟ, ಸ್ಕೂಟರಲ್ಲೇ ಹೋಗಿ.