ಗರ್ಭಕೋಶದ ಪರೀಕ್ಷೆ ಮಾಡಿಸದೆ ಹೆಣ್ಣು ಕುದುರೆಯನ್ನು ಗಂಡಿಗೆ ಬಿಡಬೇಡಿ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲಿ, ಹೋಂಸ್ಟೇಗೆ ಬರುವವರ ಸವಾರಿಗೆಂದು ಎರಡು ಕುದುರೆಗಳನ್ನು ಸಾಕಿದ್ದೇನೆ. ಅವುಗಳಲ್ಲಿ 13 ವರ್ಷದ ಹೆಣ್ಣು ಕುದುರೆಯಿಂದ ಒಂದು ಮರಿ ಪಡೆಯುವ ಆಸೆಗೆ ಬಿದ್ದು ಎರಡು ವರ್ಷಗಳನ್ನೂ ಸಾಕಷ್ಟು ಹಣವನ್ನೂ ಕಳೆದುಕೊಂಡೆ. ಆ ಪ್ರಾಣಿ ಅನುಭವಿಸಿದ್ದು ಬೇರೆ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ.

ಪಕ್ಕದ ಜಿಲ್ಲೆಯ ಒಬ್ಬರ ಗಂಡು ಕುದುರೆಯನ್ನು ಗೊತ್ತುಮಾಡಿದೆ. ಅವರು ನನ್ನ ಕುದುರೆಯ ಯಾವ ಪರೀಕ್ಷೆಯ ವರದಿಯನ್ನೂ ಕೇಳಲಿಲ್ಲ, ಅವರ ಕುದುರೆಯದನ್ನು ನಾನೂ ಕೇಳಲಿಲ್ಲ. ಪ್ರತಿ ಸಲವೂ ಗಂಡಿನ ಜನನಾಂಗವನ್ನು ಕಟುವಾದ ಸೋಂಕುನಿವಾರಕದಿಂದ ತೊಳೆಯುತ್ತಿದ್ದುದನ್ನು ಕಂಡು ಎಷ್ಟು ಶುಚಿ ಎಂದು ಮೆಚ್ಚಿಕೊಂಡಿದ್ದೆ. ಹಾಗೆ ತೊಳೆದರೆ ಅಲ್ಲಿರುವ ನಿರುಪದ್ರವಿ ಸೂಕ್ಷ್ಮಜೀವಿಗಳು ಸತ್ತು, ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾದಂತಹ ಹಟಮಾರಿ ಬ್ಯಾಕ್ಟೀರಿಯಾಗಳು ನೆಲೆಯೂರಲು ಜಾಗವಾಗುತ್ತದೆ ಎಂಬುದು ತಿಳಿದದ್ದು ಬಹಳ ತಡವಾಗಿ. ಗಂಡು ಕುದುರೆ ಮೈತುಂಬಿಕೊಂಡು ಮಿರುಗುತ್ತಿದ್ದ ಮಾತ್ರಕ್ಕೆ ಅದು ರೋಗ ಹೊತ್ತಿಲ್ಲ ಎನ್ನಲಾಗದು. 1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಮೊದಲು ಕಾಣಿಸಿಕೊಂಡ, ಟೇಲೊರೆಲ್ಲಾ ಎಂಬ ಬ್ಯಾಕ್ಟೀರಿಯಾದ ಗರ್ಭಕೋಶದ ಸೋಂಕನ್ನು ಗಂಡು ಕುದುರೆಗಳು ಯಾವ ಲಕ್ಷಣವನ್ನೂ ತೋರದೆ ಹರಡುತ್ತವೆ. ನಮ್ಮದು ಆ ಸೋಂಕಲ್ಲ, ಅಷ್ಟೇ ಪುಣ್ಯ.

ಮೂರು ಸಲ ಬಿಟ್ಟರೂ ಗಬ್ಬ ನಿಲ್ಲಲಿಲ್ಲ. ಹೆಣ್ಣು ಕುದುರೆಗೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬೆದೆ ಬರುತ್ತದೆ; ನಮ್ಮದಕ್ಕೆ ಎರಡೇ ವಾರಕ್ಕೆ ಮರಳಿ ಬಂದಾಗ, ಬೇಗ ಇನ್ನೊಂದು ಅವಕಾಶ ಸಿಕ್ಕಿತೆಂದು ಸಂತೋಷಪಟ್ಟೆನೇ ಹೊರತು, ಉರಿಯೂತವಾದ ಗರ್ಭಕೋಶವೇ ಬೆದೆಯನ್ನು ಮುಂಚೆ ತರಿಸುತ್ತದೆ ಎಂದು ಹೊಳೆಯಲಿಲ್ಲ. ಬಾಲದ ಒಳಮಗ್ಗುಲ ಕೂದಲು ಅಂಟಂಟಾಗಿ, ಗಂಜಿ ಒಣಗಿದಂತೆ ಬೂದುಬಣ್ಣದ ಹಕ್ಕಳೆ ಕಟ್ಟಿತ್ತು. ಅದು ಗರ್ಭಕೋಶದ ಸ್ರಾವ; ನಾನು ಮಳೆಗಾಲದ ಕೆಸರೆಂದುಕೊಂಡು ಉಜ್ಜಿ ತೊಳೆದೆ. ಕುದುರೆ ಓಡುವಾಗ ಹಿಂಭಾಗದಿಂದ ಗಾಳಿ ಎಳೆದುಕೊಳ್ಳುವ ಸದ್ದು ಬರುತ್ತಿದ್ದುದನ್ನೂ ಕೇಳಿ ನಕ್ಕಿದ್ದೆವು. ಗಂಡಿನ ಮಾಲೀಕರು "ಇದು ಬಂಜೆ" ಎಂದು ಕೈತೊಳೆದುಕೊಂಡರು. ಹಿಂದೊಮ್ಮೆ ಮರಿ ಹಾಕಿದ ಕುದುರೆ ಅದು!

ಆಮೇಲೆ ಮಾಡಿದ ತಪ್ಪು ಇನ್ನೂ ದೊಡ್ಡದು. ಯಾರೋ ಹೇಳಿದರೆಂದು, ಯಾವ ಮಾದರಿಯನ್ನೂ ತೆಗೆಸದೆ, ಮೂರು ಬೆದೆಗಳಲ್ಲಿ ಗರ್ಭಕೋಶಕ್ಕೆ ಆ್ಯಂಟಿಬಯೋಟಿಕ್ ಹಾಕಿಸಿದೆ. ಸ್ರಾವ ನಿಲ್ಲುವ ಬದಲು ಬಿಳಿಯಾಗಿ ಗಟ್ಟಿಯಾಯಿತು.

ಕೊನೆಗೆ ಕುದುರೆಗಳನ್ನೇ ನೋಡುವ ಪಶುವೈದ್ಯರೊಬ್ಬರು ಬಂದು, ಗರ್ಭಕೋಶದ ಬಾಯಿ ತೆರೆದಿರುವ ಬೆದೆಯ ದಿನದಲ್ಲೇ, ಹೊರಗಿನ ಕ್ರಿಮಿ ತಾಗದಂತೆ ಎರಡು ಕವಚವಿರುವ ಕಡ್ಡಿಯಿಂದ ಮಾದರಿ ತೆಗೆದರು. ಬ್ಯಾಕ್ಟೀರಿಯಾ ಬೆಳೆಸುವ ಪರೀಕ್ಷೆಯ ಜೊತೆಗೆ ಜೀವಕೋಶಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು, ಏಕೆಂದರೆ ಕ್ರಿಮಿ ಸಿಕ್ಕಿತೆಂದ ಮಾತ್ರಕ್ಕೆ ಸೋಂಕಿದೆಯೆಂದಲ್ಲ. ಕುದುರೆಗಳಲ್ಲಿ ತೀರ ಸಾಮಾನ್ಯವಾದ ಸ್ಟ್ರೆಪ್ಟೊಕಾಕಸ್ ಝೂಎಪಿಡೆಮಿಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದರೊಂದಿಗೆ, ನಾನು ಸುರಿಸಿದ ಔಷಧದ ಕೃಪೆಯಿಂದ, ಶಿಲೀಂಧ್ರವೂ ಸಿಕ್ಕಿತು.

ಗಂಡಿಗೆ ಬಿಟ್ಟ ಮೇಲೆ ಗರ್ಭಕೋಶದಲ್ಲಿ ಉರಿಯೂತವಾಗುವುದು ಸಹಜವೇ, ಆಗ ಸೇರುವ ದ್ರವವನ್ನು ಆರೋಗ್ಯವಂತ ಕುದುರೆ ಎರಡು ದಿನದೊಳಗೆ ಹೊರಹಾಕುತ್ತದೆ ಎಂದು ಅವರು ವಿವರಿಸಿದರು. ವಯಸ್ಸಾದ ಕುದುರೆಯ ಗರ್ಭಕೋಶ ಜೋತುಬಿದ್ದು ದ್ರವ ಒಳಗೇ ನಿಂತರೆ, ಐದಾರು ದಿನಕ್ಕೆ ಅಲ್ಲಿಗೆ ಇಳಿದು ಬರುವ ಭ್ರೂಣ ಉಳಿಯುವುದಿಲ್ಲ. ಗಾಳಿಯ ಸದ್ದಿಗೆ ಕಾರಣ, ಯೋನಿದ್ವಾರ ಓರೆಯಾಗಿ ಸರಿಯಾಗಿ ಮುಚ್ಚಿಕೊಳ್ಳದಿದ್ದುದು. ಗಾಳಿಯೊಂದಿಗೆ ಲದ್ದಿಯ ಕ್ರಿಮಿಗಳೂ ಒಳಗೆ ಹೋಗುತ್ತಿದ್ದವು. ಲೀಟರುಗಟ್ಟಲೆ ಸಲೈನಿನಿಂದ, ಹೊರಬರುವ ನೀರು ತಿಳಿಯಾಗುವವರೆಗೆ ಗರ್ಭಕೋಶವನ್ನು ತೊಳೆದು, ಗರ್ಭಕೋಶವನ್ನು ಹಿಂಡಿ ದ್ರವ ಹೊರಹಾಕಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಕೊಟ್ಟು, ವರದಿ ಹೇಳಿದ ಔಷಧವನ್ನಷ್ಟೇ ಹಾಕಿದರು. ಆಮೇಲೆ ಯೋನಿದ್ವಾರದ ಮೇಲ್ಭಾಗವನ್ನು ಹೊಲಿದು ಮುಚ್ಚಿದರು; ಇದಕ್ಕೆ ಕ್ಯಾಸ್ಲಿಕ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ.

ಕಳೆದ ಬೆದೆಯ ಮಾದರಿಯಲ್ಲಿ ಏನೂ ಬೆಳೆಯಲಿಲ್ಲ. ಗಬ್ಬ ಇನ್ನೂ ನಿಂತಿಲ್ಲ, ನಿಲ್ಲುವ ಭರವಸೆಯನ್ನು ವೈದ್ಯರೂ ಕೊಟ್ಟಿಲ್ಲ. ನಿಂತರೆ ಹನ್ನೊಂದು ತಿಂಗಳು ತುಂಬುವ ಮೊದಲೇ ಆ ಹೊಲಿದ ಜಾಗವನ್ನು ಬಿಡಿಸಬೇಕು, ಇಲ್ಲವಾದರೆ ಮರಿ ಹಾಕುವಾಗ ಹರಿಯುತ್ತದೆ. ಮರೆಯದಿರಲೆಂದು ಅದನ್ನು ಲಾಯದ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟಿದ್ದೇನೆ.